ಗೌರವದ ತೂಕ

ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ತೂಕ, ದರ, ಲಾಭ-ನಷ್ಟ ಇವೇ ಪಾಠ. ಆದರೆ ‘ಗೌರವ’ ಎಂಬ ಪದದಲ್ಲೂ ತೂಕವಿದೆ ಎಂದು ನನಗೆ ತಿಳಿದದ್ದು ಕನ್ನಡ ತರಗತಿಯಲ್ಲಿ. ಸಂಸ್ಕೃತದಲ್ಲಿ ‘ಗುರು’ ಎಂದರೆ ಭಾರವಾದದ್ದು ಎಂಬ ಅರ್ಥವೂ ಇದೆ. ಗೌರವ ಅದರಿಂದಲೇ ಹುಟ್ಟಿದ ಪದ.

ಆಮೇಲೆ ಗ್ರಂಥಾಲಯದ ಪುಸ್ತಕವೊಂದನ್ನು ಓದುವಾಗ ಅಚ್ಚರಿಯಾಯಿತು. ಹಜರತ್ ಮೂಸಾ (ಅ) ಅವರ ಮೂಲಕ ಬಂದ ಹತ್ತು ಆಜ್ಞೆಗಳಲ್ಲಿ ತಂದೆತಾಯಿಯರನ್ನು ಗೌರವಿಸಬೇಕೆಂಬುದೂ ಒಂದು. ಅಲ್ಲಿರುವ ಹೀಬ್ರೂ ಪದ ‘ಕಬೇದ್’. ಅದರ ಮೂಲಾರ್ಥವೂ ಭಾರ! ಹೆತ್ತವರನ್ನು ಶಪಿಸುವುದಕ್ಕೆ ಬಳಸಿದ ಪದದ ಮೂಲ ‘ಹಗುರ’. ನಮ್ಮೂರು ಮೇಡ್ಲೇರಿಯ ಹಿರಿಯರೂ ಅದನ್ನೇ ಅಲ್ಲವೇ ಹೇಳುವುದು, ‘ಹಗುರ ಮಾತಾಡಬ್ಯಾಡ’ ಎಂದು? ನಮ್ಮ ಕುರ್‌ಆನಿನ 17ನೇ ಅಧ್ಯಾಯದಲ್ಲಂತೂ ಮುಪ್ಪಿನ ತಂದೆತಾಯಿಗೆ ‘ಉಫ್’ ಎನ್ನುವುದಕ್ಕೂ ಅವಕಾಶವಿಲ್ಲ. ಅದಕ್ಕಿಂತ ಹಗುರವಾದ ಮಾತು ಯಾವುದಿದೆ?

ನಾನು ಹಗುರ ಮಾತಾಡಿದವನೇ. ಅಬ್ಬಾ ರಾಣೇಬೆನ್ನೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಹೋದ ವರ್ಷ ನನ್ನ ಸ್ಕಾಲರ್‌ಶಿಪ್ ಅರ್ಜಿಗಾಗಿ ಒಂದು ದಿನದ ಕೆಲಸ ಬಿಟ್ಟು ನನ್ನ ಜೊತೆ ಒಂದು ಕಚೇರಿಗೆ ಬಂದಿದ್ದರು. ಕೌಂಟರಿನಲ್ಲಿ ಯಾವುದೋ ಕಾಗದದ ಹೆಸರು ತಪ್ಪು ಹೇಳಿದರು. ‘ನಿಮಗ ತಿಳಿಯಂಗಿಲ್ಲ, ಸುಮ್ನಿರ್ರಿ’ ಎಂದೆ. ಮನೆಯಲ್ಲಿ ಉರ್ದುವಿನಲ್ಲೇ ಮಾತಾಡುವ ನಾನು ಅಲ್ಲಿ ಬೇಕೆಂದೇ ಕನ್ನಡದಲ್ಲಿ ಹೇಳಿದೆ. ಸಾಲಿನಲ್ಲಿ ನಿಂತವರಿಗೆ ನಾನು ತಿಳಿದವನೆಂದು ಗೊತ್ತಾಗಲಿ ಎಂದು. ಅಬ್ಬಾ ಏನೂ ಅನ್ನಲಿಲ್ಲ. ಬಸ್ಸಿನಲ್ಲೂ ಮಾತಾಡಲಿಲ್ಲ.

ಯಹೂದಿ ವಿದ್ವಾಂಸರ ಚರ್ಚೆಗಳಿರುವ ‘ತಾಲ್ಮೂದ್’ ಗ್ರಂಥ ಈ ವಿಷಯವನ್ನು ಬಿಡಿಸಿ ಹೇಳುತ್ತದೆ. ಹೆತ್ತವರಿಗೆ ಉಣಿಸುವುದು, ಉಡಿಸುವುದು, ಒಳಗೆ ಹೊರಗೆ ಕರೆದೊಯ್ಯುವುದು ಗೌರವ. ಅವರು ಕೂರುವ ಜಾಗದಲ್ಲಿ ಕೂರದಿರುವುದು, ಅವರ ಮಾತಿಗೆ ಎದುರಾಡದಿರುವುದು ಭಯಭಕ್ತಿ. ಇದಕ್ಕೆಲ್ಲ ಖರ್ಚು ಯಾರದು ಎಂಬ ಚರ್ಚೆಯೂ ಅಲ್ಲಿದೆ. (ಕಾಮರ್ಸ್‌ನವನಾದ ನನಗೆ ಹಿಡಿಸಿದ್ದು ಇದೇ.) ಹಣ ತಂದೆಯದೇ ಇರಲಿ, ಆದರೆ ಸೇವೆಗಾಗಿ ಕೆಲಸ ಬಿಟ್ಟರೆ ಆ ನಷ್ಟ ಮಗನದು ಎಂದು ತೀರ್ಮಾನಿಸಿದರು. ಆ ದಿನ ನಮ್ಮ ಲೆಕ್ಕ ತಿರುಗಿತ್ತು. ಕೂಲಿ ಕಳೆದುಕೊಂಡವರು ಅಬ್ಬಾ, ಅದೂ ನನ್ನ ಕೆಲಸಕ್ಕೆ.

ಅಮ್ಮಿಯ ಎದುರು ಇದನ್ನೆಲ್ಲ ಹೇಳಿದೆ. ‘ಕಿತಾಬಿನಲ್ಲಿ ಓದಿದ ಮೇಲೆ ಗೊತ್ತಾಯಿತಾ?’ ಎಂದು ನಕ್ಕರು.

ಮೊನ್ನೆ ಅಬ್ಬಾ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅವರೇ ಮಾತಾಡಿದರು, ನಾನು ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಒಂದು ಕಡೆ ತಾರೀಖು ತಪ್ಪಿತು. ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, ಉರ್ದುವಿನಲ್ಲಿ ಹೇಳಿದೆ.