ವೃದ್ಧಾಶ್ರಮದ ಆರೈಕೆಯಲ್ಲಿ ವೈದ್ಯರ ಸೂಚನೆ

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ ಹಾಗೂ ಶುಚಿತ್ವ ಬೇಕು. ರೋಗಿಗೆ ಬೇಕಾದ ಗುಣಗಳಲ್ಲಿ ‘ನಿರ್ದೇಶಕಾರಿತ್ವ’, ಅಂದರೆ ವೈದ್ಯನು ಹೇಳಿದಂತೆ ನಡೆಯುವುದು, ಒಂದು. ‘ಜ್ಞಾಪಕತ್ವ’, ಅಂದರೆ ತನ್ನ ಸ್ಥಿತಿಯನ್ನು ವೈದ್ಯನಿಗೆ ತಿಳಿಸುವುದು, ಇನ್ನೊಂದು. ಮೊದಲನೆಯದನ್ನು ನಾವೆಲ್ಲ ಬೋಧಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ನಾನು ವಾರಕ್ಕೊಮ್ಮೆ ಭೇಟಿ ಕೊಡುವ ವೃದ್ಧಾಶ್ರಮವೊಂದರಲ್ಲಿ ಮಧುಮೇಹವುಳ್ಳ ತಾಯಿಯೊಬ್ಬರಿದ್ದಾರೆ. ‘ಬೆಳಿಗ್ಗೆ 7.30, ಉಪಾಹಾರಕ್ಕೆ ಮೊದಲು ಇನ್ಸುಲಿನ್’ ಎಂದು ಅವರ ಚೀಟಿಯಲ್ಲಿತ್ತು. ಪರಿಚಾರಕಿ ಅದನ್ನು ಅಕ್ಷರಶಃ ಪಾಲಿಸಿದಳು. ಆದರೆ ಆ ತಾಯಿಯವರು ಇಷ್ಟಲಿಂಗ ಪೂಜೆಯಾಗದೆ ಹನಿ ನೀರನ್ನೂ ಮುಟ್ಟುವವರಲ್ಲ. ಅಂದು ಶ್ರಾವಣ ಸೋಮವಾರ. ಪೂಜೆ ಮುಗಿಯುವಾಗ 9 ಗಂಟೆ. ಅಷ್ಟರಲ್ಲಿ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತ್ತು. ರಕ್ತದ ಸಕ್ಕರೆ 48. ಪ್ರಜ್ಞೆಯಿದ್ದುದರಿಂದ ಸಕ್ಕರೆ ನೀರು ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ತಿಂಡಿ ಕೊಟ್ಟರು, ಚೇತರಿಸಿಕೊಂಡರು. (ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.) ಅವರ ಪೂಜಾನಿಷ್ಠೆ ನನಗೆ ವರ್ಷಗಳಿಂದ ಗೊತ್ತು. ಆ ಚೀಟಿಯನ್ನೂ ಎಷ್ಟೋ ಸಲ ನೋಡಿದ್ದೆ. ಎರಡನ್ನೂ ಜೋಡಿಸಿ ಯೋಚಿಸಲಿಲ್ಲ. ಬೈಗುಳ ಮಾತ್ರ ಪರಿಚಾರಕಿಗೆ ಬಿತ್ತು.

ಈಗ ಮಧುಮೇಹ ತಜ್ಞರಿಂದಲೇ ಸೂಚನೆಯನ್ನು ತಿದ್ದಿಸಿದ್ದೇವೆ: ಪೂಜೆ ಮುಗಿದು ತಿಂಡಿ ಸಿದ್ಧವಾಗಿದೆಯೆಂದು ಖಚಿತಪಡಿಸಿಕೊಂಡೇ ಚುಚ್ಚುಮದ್ದು, ಊಟ ಒಲ್ಲೆನೆಂದರೆ, ಚುಚ್ಚುವ ಮೊದಲು ವೈದ್ಯರಿಗೆ ದೂರವಾಣಿ. ವೈದ್ಯರು ದೂರವಾಣಿಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಅವರಿಗೇ ಮತ್ತೆ ಓದಿ ಹೇಳುವ ಪದ್ಧತಿಯೂ ಅಲ್ಲಿ ಬಂದಿದೆ.

ಕರುಣೆಯಿಂದಾಗುವ ತಪ್ಪುಗಳೂ ಉಂಟು. ನುಂಗಲಾರರೆಂದು ಮಾತ್ರೆಯನ್ನು ಪುಡಿಮಾಡುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆ ಪುಡಿಯಾದರೆ ದಿನದ ಔಷಧವೆಲ್ಲ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ನುಂಗಲಾಗದಿದ್ದರೆ ವೈದ್ಯರನ್ನು ಕೇಳಿ, ಬದಲಿ ಔಷಧ ಬರೆಯಿಸಬೇಕು.

ಆಯುರ್ವೇದದವನಾದ ನಾನೇ ಇದನ್ನು ಹೇಳಬೇಕು: ಮಕ್ಕಳು ನೋಡಲು ಬಂದಾಗ ಕೆಮ್ಮಿಗೆಂದು ಜ್ಯೇಷ್ಠಮಧುವಿನ ಪುಡಿಯನ್ನು ದಿಂಬಿನಡಿ ಇಟ್ಟು ಹೋಗುತ್ತಾರೆ. ಉತ್ತಮ ಮೂಲಿಕೆಯೇ. ಆದರೆ ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಕೊಡುವ ಮೊದಲು ವೈದ್ಯರಿಗೆ ತಿಳಿಸಿ, ಆ ಪುಡಿಯ ಹೆಸರನ್ನೂ ಆಶ್ರಮದ ಚೀಟಿಯಲ್ಲಿ ಬರೆಯಿಸಿರಿ.