ಹಾಲಿನಲ್ಲಿ ಬೆರೆಸಿದ್ದನ್ನು ಅಪ್ಪನಿಗೆ ಹೇಳಿ

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ಕೆಳಗೆ ನಮಗೆ ಎರಡು ಎಕರೆ ಗದ್ದೆ ಇದೆ. ನಲವತ್ತು ವರ್ಷ ಎಲೆ, ಅಡಿಕೆ, ತಂಬಾಕು ಹಾಕಿದ ಬಾಯಿಗೆ ಈಗ ಕ್ಯಾನ್ಸರ್. ಆಪರೇಷನ್, ಕರೆಂಟು ಎಲ್ಲ ಆಯಿತು. ಗಡ್ಡೆ ಮತ್ತೆ ಬಂದಿದೆ. ನೋವಿಗೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಬರೆದುಕೊಟ್ಟಿದ್ದಾರೆ. ‘ಅದು ಅಫೀಮು, ಅಪ್ಪನಿಗೆ ಚಟ ಹತ್ತುತ್ತದೆ’ ಎಂದು ನನ್ನಣ್ಣ ಹತ್ತು ದಿನದಿಂದ ಅರ್ಧ ಮಾತ್ರೆ ಕೊಡಿಸುತ್ತಿದ್ದಾನೆ. ಅಪ್ಪ ಊಟ ಬಿಟ್ಟಿದ್ದಾರೆ. ಹಸಿವಾಗಲಿ ಎಂದು ಸೋದರಮಾವ ಭಂಗಿ ಪುಡಿ ತಂದುಕೊಟ್ಟ. ಅವ್ವ ಅದನ್ನು ರಾತ್ರಿ ಹಾಲಿಗೆ ಬೆರೆಸುತ್ತಾಳೆ. ಅಪ್ಪನಿಗೆ ಗೊತ್ತಿಲ್ಲ. ಎರಡು ದಿನ ನಾಲ್ಕು ತುತ್ತು ಹೆಚ್ಚು ಉಂಡರು. ಮೂರನೆಯ ರಾತ್ರಿ ‘ಯಾರೋ ಬಂದಿದ್ದಾರೆ’ ಎಂದು ಕೂಗಿಕೊಂಡು ಎದ್ದು ನಡುಮನೆಯಲ್ಲಿ ಬಿದ್ದರು. ಎರಡರಲ್ಲಿ ಯಾವುದನ್ನು ಬಿಡಿಸಲಿ?

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಭಂಗಿ ನಿಲ್ಲಿಸಿ. ಮಾರ್ಫಿನ್ ನಿಲ್ಲಿಸಬೇಡಿ. ಎಷ್ಟು ಕೊಡಬೇಕೆಂಬುದನ್ನು ಅಣ್ಣ ತೀರ್ಮಾನಿಸುವುದು ಬೇಡ, ನೀವೂ ಬೇಡ. ನಾಳೆ ಬೆಳಿಗ್ಗೆಯೇ ಬರೆದುಕೊಟ್ಟ ವೈದ್ಯರನ್ನು ಕೇಳಿ.

ಇನ್ನು ಏಕೆಂದು ಹೇಳುತ್ತೇನೆ. ನಿಮ್ಮ ಅಣ್ಣ ಕೆಟ್ಟವರಲ್ಲ, ಅವ್ವನೂ ಕೆಟ್ಟವರಲ್ಲ. ಇಬ್ಬರಿಗೂ ಈ ಎರಡು ವಸ್ತುಗಳು ಒಳಗೆ ಏನು ಮಾಡುತ್ತವೆ ಎಂದು ಯಾರೂ ಕೂತು ಹೇಳಿಲ್ಲ, ಅಷ್ಟೆ.

ಅಫೀಮಿನ ಗುಣವಾಗಲಿ ಭಂಗಿಯ ಗುಣವಾಗಲಿ ಮಿದುಳಿಗೆ ಹೊಸದಲ್ಲ. ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳು ನಮ್ಮ ನರಕೋಶಗಳ ಮೇಲೆ ಹುಟ್ಟಿನಿಂದಲೇ ಇವೆ ಎಂಬುದು 1973ರಲ್ಲಿ ಖಚಿತವಾಯಿತು. ಗಸಗಸೆ ಗಿಡದ ರಸಕ್ಕಾಗಿ ದೇಹ ಇಂಥ ಜಾಗ ಮಾಡಿಟ್ಟಿರಲಾರದು, ಹಾಗಾದರೆ ದೇಹದಲ್ಲೇ ಅಂಥದ್ದೇನೋ ಇರಬೇಕು ಎಂದು ಹುಡುಕಿದಾಗ 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಎನ್ಕೆಫಲಿನ್ ಸಿಕ್ಕಿತು. ಭಂಗಿಯ ಕಥೆಯೂ ಹಾಗೆಯೇ. 1992ರಲ್ಲಿ ಇಸ್ರೇಲಿನ ರಾಫೇಲ್ ಮೆಶೂಲಮ್ ಅವರ ತಂಡ ಮಿದುಳು ತಾನೇ ತಯಾರಿಸುವ, ಭಂಗಿಯಂತೆ ಕೆಲಸ ಮಾಡುವ ಒಂದು ವಸ್ತುವನ್ನು ಕಂಡುಹಿಡಿದು, ಸಂಸ್ಕೃತದ ‘ಆನಂದ’ ಪದವನ್ನೇ ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು.

ನಿಮ್ಮ ತಂದೆ ನಾಲೆಯ ನೀರು ನೋಡಿ ಬದುಕಿದವರು, ಅವರಿಗೆ ಹೀಗೆ ಹೇಳಿ. ಬಾಯಿಯ ನೋವು ಟ್ರೈಜೆಮಿನಲ್ ಎಂಬ ನರದ ಮೂಲಕ ಮಿದುಳಿನ ಕಾಂಡಕ್ಕೆ ಬರುತ್ತದೆ. ಅಲ್ಲೊಂದು ತೂಬು ಇದೆ. ಆ ತೂಬನ್ನು ಇಳಿಸಿ ನೋವು ಮೇಲೆ ಹರಿಯದಂತೆ ತಡೆಯಬಲ್ಲ ನೀರಗಂಟಿ ನಡುಮಿದುಳಿನ ಒಂದು ಪುಟ್ಟ ಬೂದು ಭಾಗದಲ್ಲಿದ್ದಾನೆ. ಉಳಿದ ದಿನಗಳಲ್ಲಿ ಅಕ್ಕಪಕ್ಕದ ಕೆಲವು ನರಕೋಶಗಳು ಅವನ ಕೈ ಹಿಡಿದಿರುತ್ತವೆ, ಏಕೆಂದರೆ ಮುಳ್ಳು ಚುಚ್ಚಿದ್ದು ನಮಗೆ ತಿಳಿಯಬೇಕಲ್ಲ. ಮಾರ್ಫಿನ್ ಹೋಗಿ ಆ ಹಿಡಿದವರನ್ನು ಸುಮ್ಮನಾಗಿಸುತ್ತದೆ. ನೀರಗಂಟಿಯ ಕೈ ಬಿಡುಗಡೆಯಾಗುತ್ತದೆ, ತೂಬು ಮುಚ್ಚುತ್ತದೆ. ಮಾರ್ಫಿನ್ ತೂಬಿನ ಬಳಿಯೂ ನೇರವಾಗಿ ಕೆಲಸ ಮಾಡುವುದರಿಂದ ಅದರ ಹಿಡಿತ ಬಲವಾದದ್ದು.

ಭಂಗಿಯ ಸತ್ವವೂ ಇದೇ ಜಾಗಗಳಲ್ಲಿ ಕೈಯಾಡಿಸುತ್ತದೆ, ಆದರೆ ಕ್ಯಾನ್ಸರ್ ನೋವಿನ ಮುಂದೆ ಅದರ ಕೈ ಸಣ್ಣದು. ಮಾರ್ಫಿನ್‌ಗೆ ಬಗ್ಗದ ಕ್ಯಾನ್ಸರ್ ನೋವಿಗೆ ಭಂಗಿಯ ಸತ್ವವನ್ನು ಸೇರಿಸಿ ಮಾಡಿದ ದೊಡ್ಡ ಪ್ರಯೋಗಗಳು ನಿರೀಕ್ಷಿಸಿದ ಫಲ ಕೊಡಲಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಉಸಿರಾಟ ನಡೆಸುವ ಕೇಂದ್ರದಲ್ಲಿ ಮಾರ್ಫಿನ್ನಿನ ಗ್ರಾಹಕಗಳು ಸಾಕಷ್ಟಿವೆ, ಭಂಗಿಯ ಗ್ರಾಹಕಗಳು ತೀರ ಕಡಿಮೆ. ಆದ್ದರಿಂದಲೇ ಮಾರ್ಫಿನ್ ಮಿತಿ ಮೀರಿದರೆ ಉಸಿರು ನಿಧಾನವಾಗುತ್ತದೆ, ಆದ್ದರಿಂದಲೇ ವೈದ್ಯರು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಹತ್ತು ದಿನ ಅರ್ಧಕ್ಕೆ ಇಳಿಸಿದ್ದೀರಿ. ಈಗ ಪೂರ್ತಿಗೆ ಹೇಗೆ ಮರಳಬೇಕೆಂದು ಅವರೇ ಹೇಳಬೇಕು.

ಈಗ ಊಟದ ವಿಷಯ. ಆ ಎರಡು ದಿನ ಅಪ್ಪ ನಾಲ್ಕು ತುತ್ತು ಹೆಚ್ಚು ಉಂಡದ್ದು ನಿಮ್ಮ ಭ್ರಮೆ ಇರಲಾರದು. ಮಿದುಳಿನ ತಳದ ಹೈಪೋಥಲಾಮಸ್‌ನಲ್ಲಿ ‘ಇನ್ನು ಸಾಕು’ ಎನ್ನುವ ನರಕೋಶಗಳ ಗುಂಪೊಂದಿದೆ. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಭಂಗಿಯ ಗುಣದ ವಸ್ತು ಕೊಟ್ಟಾಗ ಈ ‘ಸಾಕು’ ಎನ್ನುವ ಕೋಶಗಳು ಮಲಗಲಿಲ್ಲ, ಇನ್ನೂ ಚುರುಕಾದವು. ಆದರೆ ‘ಸಾಕು’ ಎಂಬ ಸಂದೇಶದ ಬದಲು ಎಂಡಾರ್ಫಿನ್ ಬಿಟ್ಟವು. ಎಂಡಾರ್ಫಿನ್ ಎಂದರೆ ದೇಹದ ಸ್ವಂತ ಮಾರ್ಫಿನ್. ಹೊಟ್ಟೆ ತುಂಬಿದ ಇಲಿ ಮತ್ತೆ ತಿನ್ನತೊಡಗಿತು. ಮಾರ್ಫಿನ್ನಿನ ಗ್ರಾಹಕಗಳನ್ನು ಮುಚ್ಚುವ ಔಷಧ ಕೊಟ್ಟಾಗ ಆ ತಿನ್ನುವ ಹುಮ್ಮಸ್ಸು ಇಳಿಯಿತು. ಭಂಗಿಯ ದಾರಿ ಮತ್ತು ಅಫೀಮಿನ ದಾರಿ ಊಟದ ಮನೆಯಲ್ಲಿ ಹೀಗೆ ಸಂಧಿಸುತ್ತವೆ. ಸಿಹಿ ರುಚಿಸುವುದರ ಹಿಂದೆಯೂ ಈ ಎರಡೂ ಇವೆ.

ಆದರೆ ನಿಮ್ಮ ತಂದೆಯ ಮಿದುಳು ಆ ಇಲಿಯ ಮಿದುಳಿನಂತೆ ಇಲ್ಲ. ಗಡ್ಡೆಯೂ ಅದರೊಡನೆ ಹೋರಾಡುವ ದೇಹವೂ ಬಿಡುವ ಉರಿಯೂತದ ಸಂದೇಶಗಳು ಹೈಪೋಥಲಾಮಸ್ಸನ್ನು ತಲುಪಿ ಹಸಿವಿನ ಲೆಕ್ಕವನ್ನೇ ಬದಲಿಸಿಬಿಡುತ್ತವೆ. ಅವರು ಹಟ ಮಾಡುತ್ತಿಲ್ಲ, ಅವರಿಗೆ ನಿಜವಾಗಿ ಹಸಿವಿಲ್ಲ. ಇಂಥ ರೋಗಿಗಳಿಗೆ ಭಂಗಿಯ ಸತ್ವ ಕೊಟ್ಟು ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಮೆಜೆಸ್ಟ್ರಾಲ್ ಎಂಬ ಹಳೆಯ ಔಷಧ ತೆಗೆದುಕೊಂಡವರಲ್ಲಿ ಶೇ. 75 ಮಂದಿಗೆ ಹಸಿವು ಹೆಚ್ಚಿತು, ಭಂಗಿಯ ಸತ್ವದ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 49 ಮಂದಿಗೆ. 2006ರಲ್ಲಿ ಬಂದ ಯುರೋಪಿನ ಪ್ರಯೋಗದಲ್ಲಿ ಭಂಗಿಯ ಸಾರಕ್ಕೂ ಖಾಲಿ ಗುಳಿಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಅವು ಅಳೆದು ಮಾಡಿದ ಔಷಧಗಳು. ನಿಮ್ಮ ಸೋದರಮಾವ ತಂದ ಪುಡಿಯ ಒಂದು ಚಮಚದಲ್ಲಿ ಎಷ್ಟು ಸತ್ವವಿದೆ ಎಂದು ತಂದವರಿಗೂ ತಿಳಿದಿರುವುದಿಲ್ಲ. ಹಾಲಿನಲ್ಲಿ ಕುಡಿದ ಭಂಗಿ ಏರುವುದಕ್ಕೆ ಒಂದೆರಡು ಗಂಟೆ ಬೇಕು, ಇಳಿಯುವುದಕ್ಕೆ ಬಹಳ ಹೊತ್ತು ಬೇಕು. ಅದರ ಮೇಲೆ ಮಾರ್ಫಿನ್ ಬಿದ್ದರೆ ಮಂಪರು ಮಂಪರಿಗೆ ಕೂಡುತ್ತದೆ. ಸೊರಗಿದ ದೇಹ ನಡುರಾತ್ರಿ ಎದ್ದು ಬೀಳುತ್ತದೆ. ಬಿದ್ದಾಗ ತಲೆಗೆ ಪೆಟ್ಟಾಗಿದೆಯೇ ಎಂದು ವೈದ್ಯರಿಗೆ ತೋರಿಸಿದ್ದೀರಾ? ತೋರಿಸದಿದ್ದರೆ ಇಂದೇ ತೋರಿಸಿ.

ಹಸಿವಿಗೆ ಬೇರೆ ಅಡ್ಡಿಗಳೂ ಇವೆ, ಅವು ನಿಮ್ಮ ಕೈಗೆ ಸಿಗುವಂಥವು. ಮೊದಲನೆಯದು ನೋವೇ. ಅರ್ಧ ಮಾತ್ರೆಯ ಮೇಲೆ ಅಗಿಯುವುದೆಂದರೆ ಗಾಯದ ಮೇಲೆ ಅಗಿಯುವುದು. ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು ಊಟಕ್ಕೆ ಕೂರಿಸಿ. ಎರಡನೆಯದು ಮಲಬದ್ಧತೆ, ಅದನ್ನು ಯಾರಾದರೂ ವಿಚಾರಿಸಿದ್ದಾರೆಯೇ? ಕರುಳಿನಲ್ಲೂ ಮಾರ್ಫಿನ್ನಿನ ಗ್ರಾಹಕಗಳಿರುವುದರಿಂದ ಕರುಳು ನಿಧಾನವಾಗುತ್ತದೆ. ವಾಂತಿ ಬಂದಂತಾಗುವುದು, ತೂಕಡಿಕೆ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತವೆ, ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಆದ್ದರಿಂದ ಮಾರ್ಫಿನ್ ಜೊತೆಗೇ ಭೇದಿ ಸಲೀಸಾಗುವ ಔಷಧವನ್ನು ದಿನವೂ ಕೊಡಬೇಕು, ಕೇಳಿ ಪಡೆಯಿರಿ. ಎಷ್ಟೋ ಮನೆಗಳಲ್ಲಿ ‘ಊಟ ಬಿಟ್ಟಿದ್ದಾರೆ’ ಎಂಬ ದೂರು ಹೊಟ್ಟೆ ಸಡಿಲವಾದ ದಿನವೇ ಅರ್ಧ ಇಳಿದದ್ದನ್ನು ನಾನು ನೋಡಿದ್ದೇನೆ. ಬಾಯಲ್ಲಿ ಬಿಳಿ ಪದರ ಕಟ್ಟಿದ್ದರೆ ಅದು ಶಿಲೀಂಧ್ರವಿರಬಹುದು, ಅದಕ್ಕೆ ಔಷಧವಿದೆ. ಖಾರದ ಸಾರು, ಗಟ್ಟಿ ರೊಟ್ಟಿ ಬಿಡಿ. ಮಜ್ಜಿಗೆಯಲ್ಲಿ ಕಿವುಚಿದ ಮೆತ್ತನೆ ಅನ್ನ, ಆರಿದ ರಾಗಿ ಗಂಜಿ, ನುಂಗುವುದಕ್ಕೆ ಆದರೆ ಸಾಕು.

ಅಣ್ಣನ ಭಯದ ಬಗ್ಗೆ. ನೋವಿಗಾಗಿ ದಿನವೂ ಮಾರ್ಫಿನ್ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗುತ್ತದೆ. ಏಕಾಏಕಿ ನಿಲ್ಲಿಸಿದರೆ ಬೆವರು, ನಡುಕ, ಹೊಟ್ಟೆ ನುಲಿತ ಬರುತ್ತವೆ. ಇದು ಒಗ್ಗಿಕೊಳ್ಳುವಿಕೆ, ಚಟವಲ್ಲ. ಹಾನಿಯಾಗುತ್ತಿದ್ದರೂ ಅದರ ಹಿಂದೆಯೇ ಓಡುವುದು ಚಟ. ನಿಮ್ಮ ತಂದೆ ಮಾತ್ರೆ ಕೇಳುವುದು ಕೆನ್ನೆ ಸುಡುವುದರಿಂದ. ಅಣ್ಣನ ಭಯಕ್ಕೆ ಹೊರಗಿನ ಕಾರಣವೂ ಇದೆ. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ, ಅದನ್ನು ಔಷಧಕ್ಕಾಗಿ ರಫ್ತು ಮಾಡುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ನಮ್ಮವರೇ ಎಷ್ಟೋ ಮಂದಿ ಮಾರ್ಫಿನ್ ಸಿಗದೆ ನರಳಿ ಸತ್ತರು. ಆ ಅನ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಾರಿ ಸಲೀಸಾಯಿತು. ವೈದ್ಯರು ಬರೆದುಕೊಟ್ಟ ಮಾರ್ಫಿನ್ ನಿಮ್ಮ ಮನೆಯಲ್ಲಿರುವುದು ತಪ್ಪಲ್ಲ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಚೀಟಿ ಜೋಪಾನ ಮಾಡಿ. ಭಂಗಿ ಎಂದು ತರುವ ಪುಡಿಯಲ್ಲಿ ಗಿಡದ ಹೂ ತೆನೆ ಬೆರೆತಿದ್ದರೆ ಕಾನೂನಿನಲ್ಲಿ ಅದು ಗಾಂಜಾ ಆಗುತ್ತದೆ ಎಂಬುದನ್ನು ಮಾವನಿಗೂ ತಿಳಿಸಿ.

ನನಗೆ ಹೆಚ್ಚು ನೋವಾದದ್ದು ಬೇರೊಂದು ಸಾಲಿನಿಂದ: ‘ಅಪ್ಪನಿಗೆ ಗೊತ್ತಿಲ್ಲ.’ ಆ ರಾತ್ರಿ ಕಣ್ಣೆದುರು ಇಲ್ಲದವರು ಕಂಡಾಗ ಅವರು ‘ನನಗೆ ಹುಚ್ಚು ಹಿಡಿಯಿತೇ, ರೋಗ ತಲೆಗೆ ಏರಿತೇ’ ಎಂದು ಒಳಗೇ ಹೆದರಿರಬಹುದು. ಆ ಹೆದರಿಕೆಯನ್ನು ನೀವು ಒಂದು ಮಾತಿನಲ್ಲಿ ಇಳಿಸಬಲ್ಲಿರಿ. ಅವ್ವನನ್ನು ಬೈಯಬೇಡಿ. ಉಣ್ಣಿಸುವುದನ್ನು ಬಿಟ್ಟರೆ ತನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಎನ್ನಿಸಿದ ಹೆಂಗಸು ಆಕೆ. ಬಾಯಿ ತೊಳೆಸುವುದು, ತುಟಿ ಒದ್ದೆ ಮಾಡುವುದು, ಕಾಲು ಒತ್ತುವುದು ಉಣ್ಣಿಸುವುದಕ್ಕಿಂತ ಕಡಿಮೆಯಲ್ಲ ಎಂದು ಆಕೆಗೆ ಹೇಳಿ. ಮುಂದೆ ದೇಹವೇ ಅನ್ನ ಬೇಡ ಎನ್ನುವ ದಿನಗಳು ಬರುತ್ತವೆ. ಆಗ ಒತ್ತಾಯದ ತುತ್ತು ಅವರಿಗೆ ಕಷ್ಟ ಕೊಡುತ್ತದೆ, ಬಲ ಕೊಡುವುದಿಲ್ಲ.

ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ವಿಭಾಗ ಇದೆಯೇ ಎಂದು ಕೇಳಿ. ಬೆಂಗಳೂರಿಗೆ ಬರುವಂತಿದ್ದರೆ ಕಿದ್ವಾಯಿ ಸಂಸ್ಥೆ ಇದೆ, ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವಿದೆ. ಎಲ್ಲಿಗೆ ಹೋದರೂ ಎರಡು ವಿಷಯ ಮುಚ್ಚಿಡಬೇಡಿ: ಮಾತ್ರೆ ಅರ್ಧ ಮಾಡಿದ್ದು, ಹಾಲಿಗೆ ಭಂಗಿ ಬೆರೆಸಿದ್ದು. ಎಬ್ಬಿಸಿದರೂ ಏಳದಷ್ಟು ನಿದ್ದೆ, ತೀರ ನಿಧಾನವಾದ ಉಸಿರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಇವತ್ತು ಸಂಜೆ, ಮಂಪರು ಇಳಿದು ಅಪ್ಪ ಸರಿಯಾಗಿ ಮಾತಾಡುತ್ತಿರುವಾಗ, ಪಕ್ಕದಲ್ಲಿ ಕೂತು ಹಾಲಿನ ವಿಷಯ ಹೇಳಿಬಿಡಿ ತಂಗಿ. ಅವ್ವನೂ ಜೊತೆಗಿರಲಿ.