ಮೇಲೆ ಮುಚ್ಚಿದ್ರೆ ಆರಿದ ಹಾಗಲ್ಲ: ಫಿಸ್ಟುಲಾ ಆಪರೇಷನ್ ನಂತರದ ಗಾಯದ ಬಗ್ಗೆ

ಮೊದಲೇ ಹೇಳಿಬಿಡ್ತೀನಿ, ಇದು ಕ್ಯಾಂಟೀನಲ್ಲಿ ತಿಂಡಿ ತಿನ್ನುತ್ತಾ ಓದೋ ಲೇಖನ ಅಲ್ಲ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ಇದರಲ್ಲಿ ನನ್ನದೂ ಒಂದು ತಪ್ಪಿದೆ.

ನಮ್ಮ ಮಾವನಿಗೆ ಮಳವಳ್ಳಿ ಹತ್ತಿರ ಕಬ್ಬಿನ ಗದ್ದೆ, ಒಂದು ಆಲೆಮನೆ ಇದೆ. ಗುದದ್ವಾರದ ಪಕ್ಕ ಗುಳ್ಳೆ ಎದ್ದು, ಒಡೆದು, ಕೀವು ಸೋರಿ, ಒಣಗಿ, ಮತ್ತೆ ಏಳೋದು ಎರಡು ವರ್ಷದಿಂದ ನಡೀತಿತ್ತು. ಮೂಲವ್ಯಾಧಿ ಅಂದ್ಕೊಂಡು ಮದ್ದೂರಿಂದ ಮುಲಾಮು ತಂದು ಹಚ್ಕೋತಿದ್ರು. ಕೊನೆಗೆ ಮಂಡ್ಯದಲ್ಲಿ ಸರ್ಜನ್‌ಗೆ ತೋರಿಸಿದಾಗ ಫಿಸ್ಟುಲಾ ಅಂತ ಗೊತ್ತಾಯ್ತು. ಆಪರೇಷನ್ ಆಯ್ತು. ನನಗೆ ರಜೆ ಇದ್ದಿದ್ದರಿಂದ ಜೊತೆಗಿದ್ದೋನು ನಾನೇ. "ಊರಲ್ಲಿ ಯಾರ್ಗೂ ಯೋಳ್ಬ್ಯಾಡ ಕಣ್ಲಾ, ಸೊಂಟ ನೋವು ಅನ್ನು" ಅಂದಿದ್ರು.

ಐದನೇ ವಾರ ಮೊಬೈಲ್ ಟಾರ್ಚ್ ಹಾಕಿ ನೋಡಿ, "ಮಾವ, ಮುಚ್ಕೊಂಡಿದೆ, ಆರೋಯ್ತು" ಅಂದುಬಿಟ್ಟೆ. ಆಲೆಮನೆಯಲ್ಲಿ ಕೆಲಸ ಜೋರಾಗಿತ್ತು, ಮಾವ ಚೆಕಪ್‌ಗೆ ಹೋಗೋದು ಬಿಟ್ರು. ಹತ್ತು ದಿನಕ್ಕೆ ಜ್ವರ, ಕೂರೋಕೆ ಆಗದಷ್ಟು ನೋವು. ಮೇಲಿನ ಚರ್ಮ ಮಾತ್ರ ಕೂಡಿತ್ತು, ಒಳಗೆ ಕೀವು ತುಂಬಿತ್ತು. ಡಾಕ್ಟರು ಮತ್ತೆ ಬಿಡಿಸಬೇಕಾಯ್ತು. ಆಮೇಲೆ ಅವರನ್ನ ಕೇಳಿ, ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಫಿಸ್ಟುಲಾ ಅಂದ್ರೇನು?

ಗುದನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಅದರಲ್ಲೊಂದಕ್ಕೆ ಸೋಂಕು ತಗುಲಿ ಕೀವು ತುಂಬಿದರೆ, ಆ ಕೀವು ದಾರಿ ಮಾಡ್ಕೊಂಡು ಹೊರಗಿನ ಚರ್ಮಕ್ಕೆ ಬರುತ್ತೆ. ಹಾಗೆ ಉಳಿದುಬಿಡೋ ಸುರಂಗವೇ ಫಿಸ್ಟುಲಾ. ನಮ್ಮಲ್ಲಿ ಇದರ ಹಳೇ ಹೆಸರು ಭಗಂದರ, ಸುಶ್ರುತ ಸಂಹಿತೆಯಲ್ಲೇ ಇದರ ವಿವರಣೆ ಇದೆ. ಮೂಲವ್ಯಾಧಿ ಬೇರೆ, ಅದು ಊದಿಕೊಂಡ ರಕ್ತನಾಳಗಳ ತೊಂದರೆ.

ಹೊಲಿಗೆ ಯಾಕೆ ಹಾಕಲ್ಲ?

ಸಾಮಾನ್ಯವಾಗಿ ಮಾಡೋ ಆಪರೇಷನ್‌ನಲ್ಲಿ ಸುರಂಗವನ್ನ ಉದ್ದಕ್ಕೆ ಸೀಳಿ, ತೆರೆದ ಕಾಲುವೆ ಥರ ಬಿಡ್ತಾರೆ. ಹೊಲಿದು ಮುಚ್ಚಿದರೆ ಸೋಂಕು ಒಳಗೇ ಸಿಕ್ಕಿಬೀಳುತ್ತೆ. ಅದಕ್ಕೇ ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು.

ನಾನು ಸಿವಿಲ್ ವಿದ್ಯಾರ್ಥಿ, ನನಗೆ ಅರ್ಥ ಆಗಿದ್ದು ಹೀಗೆ. ಪೈಪ್ ಹಾಕೋಕೆ ರಸ್ತೆ ಅಗೀತಾರೆ. ಮಣ್ಣನ್ನ ಪದರ ಪದರವಾಗಿ ತುಂಬಿ, ದಮ್ಮಸ್ಸು ಮಾಡಿ, ಆಮೇಲೆ ಡಾಂಬರು ಹಾಕಬೇಕು. ಕೆಳಗೆ ಟೊಳ್ಳು ಬಿಟ್ಟು ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೇ ರಸ್ತೆ ಕುಸಿಯುತ್ತೆ. ನಾನು ಟಾರ್ಚ್ ಹಾಕಿ ನೋಡಿದ್ದು ಬರೀ ಡಾಂಬರು.

ಎಷ್ಟು ದಿನ ಬೇಕು?

ಸಣ್ಣ ಗಾಯ 4ರಿಂದ 6 ವಾರದಲ್ಲಿ ಆರಬಹುದು. ಹೆಚ್ಚಿನವರಿಗೆ 6ರಿಂದ 12 ವಾರ ಹಿಡಿಯುತ್ತೆ, ಆಳವಾಗಿದ್ದರೆ ಇನ್ನೂ ಜಾಸ್ತಿ. ತಳದಲ್ಲಿ ಕೆಂಪಗೆ, ಹರಳು ಹರಳಾಗಿ ಹೊಸ ಮಾಂಸ ಕಾಣಿಸಿದರೆ ಅದು ಒಳ್ಳೇ ಲಕ್ಷಣ. ಸ್ವಲ್ಪ ಹಳದಿ ನೀರು, ಮಲವಿಸರ್ಜನೆ ಆದಾಗ ಒಂದೆರಡು ಹನಿ ರಕ್ತ ಬರೋದು ಸಾಮಾನ್ಯ.

"ನಿಧಾನ ಅಂದ್ರೆ ಏನೋ ಕೆಟ್ಟಿದೆ" ಅನ್ನೋದು ತಪ್ಪು ಲೆಕ್ಕ. ಆಯುರ್ವೇದದ ಕ್ಷಾರಸೂತ್ರವನ್ನೇ ನೋಡಿ. ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಶಿನ ಲೇಪಿಸಿದ ದಾರವನ್ನ ಸುರಂಗದಲ್ಲಿ ಕಟ್ಟಿ, ವಾರಕ್ಕೊಮ್ಮೆ ಬದಲಿಸ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನ ಆಪರೇಷನ್ ಜೊತೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಆಪರೇಷನ್ ಆದವರಿಗೆ ಆರೋಕೆ ಸುಮಾರು 4 ವಾರ, ದಾರ ಕಟ್ಟಿದವರಿಗೆ ಸುಮಾರು 8 ವಾರ. ಆದರೆ ಮತ್ತೆ ಬಂದಿದ್ದು ಆಪರೇಷನ್‌ನಲ್ಲಿ 11%, ದಾರದಲ್ಲಿ 4%. ನಿಧಾನವಾಗಿ ಆರಿದ್ದೇ ಹೆಚ್ಚು ಗಟ್ಟಿಯಾಗಿ ನಿಂತಿತ್ತು. ಹಾಗಂತ ಬೋರ್ಡ್ ನೋಡಿ ಎಲ್ಲೆಂದರಲ್ಲಿ ದಾರ ಕಟ್ಟಿಸ್ಕೋಬೇಡಿ. ಅದಕ್ಕೂ ತರಬೇತಿ ಪಡೆದ ಆಯುರ್ವೇದ ಸರ್ಜನ್ ಬೇಕು.

ತಡ ಆಗೋಕೆ ಕಾರಣಗಳು

1. ಸಕ್ಕರೆ ಕಾಯಿಲೆ. ಶುಗರ್ ಹೆಚ್ಚಿದ್ದರೆ ಸೋಂಕು ಇಳಿಯಲ್ಲ, ಹೊಸ ಮಾಂಸವೂ ಬೇಗ ಬೆಳೆಯಲ್ಲ.
2. ಬೀಡಿ, ಸಿಗರೇಟು. ಗಾಯಕ್ಕೆ ಹೋಗೋ ರಕ್ತ, ಆಮ್ಲಜನಕ ಕಡಿಮೆಯಾಗುತ್ತೆ.
3. ಮಲಬದ್ಧತೆ. ಮಾವ ಮಾಡಿದ್ದು ಇದೇ. ಸಂಡಾಸಿಗೆ ಹೋದರೆ ಉರಿ ಅಂತ ಊಟ ಅರ್ಧ ಮಾಡಿದ್ರು, ನೀರೂ ಕಡಿಮೆ ಕುಡಿದ್ರು. ಮಲ ಗಟ್ಟಿಯಾಗಿ ಗಾಯ ಮತ್ತೆ ಮತ್ತೆ ಕಿತ್ಕೊಳ್ತು.
4. ರಕ್ತಹೀನತೆ, ಪ್ರೋಟೀನ್ ಕೊರತೆ.
5. ಕಣ್ಣಿಗೆ ಬೀಳದೆ ಉಳಿದ ಇನ್ನೊಂದು ಕವಲು ಸುರಂಗ. ಇದಕ್ಕೆ ಎಂಆರ್‌ಐ ಬೇಕಾಗಬಹುದು.
6. ಕ್ಷಯ ಅಥವಾ ಕ್ರೋನ್ಸ್ ಅನ್ನೋ ಕರುಳಿನ ಕಾಯಿಲೆ. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇರೋದ್ರಿಂದ, ತೆಗೆದ ತುಣುಕನ್ನ ಲ್ಯಾಬ್‌ಗೆ ಕಳಿಸಿದ್ರಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಮನೇಲಿ ಏನು ಮಾಡಬೇಕು?

ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂರಬೇಕು, ದಿನಕ್ಕೆ ಎರಡು ಮೂರು ಸಲ, ಮಲವಿಸರ್ಜನೆ ಆದ ಮೇಲಂತೂ ತಪ್ಪದೆ. ಉಜ್ಜದೆ ಮೆಲ್ಲಗೆ ಒತ್ತಿ ಒರೆಸಬೇಕು. ಅರಿಶಿನ, ಬೂದಿ, ಘಾಟಿನ ಕ್ರಿಮಿನಾಶಕ ಯಾವುದನ್ನೂ ನಾವೇ ಹಾಕಬಾರದು. ಊಟ ಬಿಡಬಾರದು. ನಮ್ಮ ಮುದ್ದೆ, ಸೊಪ್ಪು ಕಾಳು ಹಾಕಿದ ಬಸ್ಸಾರು, ಮೊಟ್ಟೆ ಇವೇ ಸಾಕು, ಹೊಸ ಡಯೆಟ್ ಏನೂ ಬೇಡ. ಬೇಕಾದರೆ ಡಾಕ್ಟರನ್ನ ಕೇಳಿ ಇಸಬಗೋಲು. ಬೈಕು, ಟ್ರ್ಯಾಕ್ಟರ್ ಸೀಟು ಸ್ವಲ್ಪ ದಿನ ದೂರ ಇರಲಿ.

ಜ್ವರ, ದಿನೇ ದಿನೇ ಏರೋ ನೋವು, ವಾಸನೆಯ ಕೀವು, ಹೊಸ ಗುಳ್ಳೆ, ನಿಲ್ಲದ ರಕ್ತ, ಹತೋಟಿ ತಪ್ಪಿ ಮಲ ಸೋರೋದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಚೆಕಪ್‌ವರೆಗೆ ಕಾಯಬೇಡಿ. 12 ವಾರ ಆದ್ರೂ ಆರದಿದ್ದರೆ ಕಾರಣ ಹುಡುಕಲೇಬೇಕು. ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ದೂರ ಇರೋದು ಆಸ್ಪತ್ರೆ ಅಲ್ಲ, ನಮ್ಮ ನಾಚಿಕೆ. ಫ್ರಾನ್ಸಿನ ರಾಜ 14ನೇ ಲೂಯಿ 1686ರಲ್ಲಿ ಇದೇ ಆಪರೇಷನ್ ಮಾಡಿಸ್ಕೊಂಡಿದ್ದ, ಆಗ ಅರಿವಳಿಕೆಯೂ ಇರಲಿಲ್ಲ. ರಾಜನಿಗೆ ಬಂದ ಕಾಯಿಲೆ ರೈತನಿಗೆ ಬಂದರೆ ಅದರಲ್ಲಿ ಅವಮಾನ ಏನಿದೆ?

ಎರಡನೇ ಸಲ ಗಾಯ ಆರೋಕೆ ಹನ್ನೊಂದು ವಾರ ಹಿಡೀತು. ಈ ಸಲ ಆರಿದೆ ಅಂತ ಹೇಳಿದ್ದು ನಾನಲ್ಲ, ಬೆರಳಿಟ್ಟು ಪರೀಕ್ಷೆ ಮಾಡಿದ ಡಾಕ್ಟರು. ಈ ಲೇಖನ ಬರೀಲಾ ಅಂತ ಮಾವನ್ನ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹೆಸ್ರು ಹಾಕ್ಬ್ಯಾಡ, ಬರಿ. ನನ್ನಂಗೆ ಎರಡು ವರ್ಸ ಮುಚ್ಚಿಟ್ಕೊಂಡಿರೋರು ಇನ್ನೂ ಅವ್ರೆ" ಅಂದ್ರು.